ಮಳೆಯ ದ್ವೀಪಕ್ಕೆ ಬ್ಯಾಗ್ ಕಟ್ಟುವ ಮುನ್ನ

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಜಪಾನಿನ ಯಕುಶಿಮಾ ದ್ವೀಪದ ಮಿಯಾನೌರಾ ಶಿಖರದ ಎತ್ತರ 1,936 ಮೀಟರ್. ವ್ಯತ್ಯಾಸ ಆರೇ ಆರು ಮೀಟರ್. ‘ಅಯ್ಯೋ ಅಷ್ಟೇನಾ! ಒಂದು ಜರ್ಕಿನ್, ಒಂದು ಬಾಟಲಿ ನೀರು, ನಾಲ್ಕು ಬಿಸ್ಕತ್ ಪೊಟ್ಟಣ ಇದ್ರೆ ಸಾಕಪ್ಪ’ ಎಂದು ನಮ್ಮ ಕಡೆಯ ಚಾರಣಿಗರು ಹೇಳಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಕುಮಾರಪರ್ವತ ಹತ್ತಿದವರಿಗೆ ಇದೊಂದು ಲೆಕ್ಕವೇ ಎಂದೂ ಅನ್ನಿಸಬಹುದು.

ಆದರೆ ಮುಳ್ಳಯ್ಯನಗಿರಿಯಲ್ಲಿ ಬಹುತೇಕ ಎತ್ತರವನ್ನು ನಮ್ಮ ಪರವಾಗಿ ಜೀಪೋ ಬೈಕೋ ಹತ್ತುತ್ತದೆ. ಯಕುಶಿಮಾದ ಬೆಟ್ಟ ಹಾಗಲ್ಲ. ಅದು ನೇರ ಕಡಲಿನಿಂದಲೇ ಎದ್ದು ನಿಂತಿದೆ. ರಸ್ತೆ ಮುಗಿದ ಮೇಲೆ ಉಳಿಯುವುದು ಬೇರು, ಬಂಡೆ ಮತ್ತು ಮಳೆ. ಅಲ್ಲಿಗೆ ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು ‘ಎಷ್ಟು ಎತ್ತರ?’ ಎಂದಲ್ಲ, ‘ಬ್ಯಾಗಿನಲ್ಲಿ ಏನಿದೆ?’ ಎಂದು. ಓದಲೆಂದೋ ಕೆಲಸಕ್ಕೆಂದೋ ಜಪಾನಿಗೆ ಹೋಗಿ, ರಜೆಯಲ್ಲಿ ಬೆಟ್ಟ ಹುಡುಕುವ ಕನ್ನಡದ ಗೆಳೆಯ ಗೆಳತಿಯರಿಗೆ ಈ ಬರಹ. ಮಳೆಗಾಲದಲ್ಲಿ ಪಶ್ಚಿಮ ಘಟ್ಟ ಸುತ್ತುವವರಿಗೂ ಇದರಲ್ಲಿ ಬೇಕಾದದ್ದು ಸಿಗಬಹುದು.

ಒಂದೇ ದ್ವೀಪ, ಹಲವು ಹವೆ

ಕ್ಯೂಶೂವಿನ ದಕ್ಷಿಣ ತುದಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಕಡಲ ನಡುವೆ ಗುಂಡಗೆ ಕೂತಿರುವ ದ್ವೀಪ ಯಕುಶಿಮಾ. ಕಗೊಶಿಮಾ ಬಂದರಿನಿಂದ ವೇಗದ ದೋಣಿಯಲ್ಲಿ ಎರಡು ಗಂಟೆ, ದೊಡ್ಡ ಹಡಗಿನಲ್ಲಾದರೆ ನಾಲ್ಕು ಗಂಟೆಯ ಪಯಣ. ದ್ವೀಪದ ವಿಸ್ತೀರ್ಣ ಸುಮಾರು 500 ಚದರ ಕಿ.ಮೀ. ಅಷ್ಟರೊಳಗೇ ಸಾವಿರ ಮೀಟರ್ ದಾಟಿದ ಶಿಖರಗಳು 40ಕ್ಕೂ ಹೆಚ್ಚು. ಸಾವಿರ ವರ್ಷ ಮೀರಿದ ಸೀಡರ್ ಮರಗಳಿಂದಾಗಿ ಇದಕ್ಕೆ ಜಗತ್ತಿನೆಲ್ಲೆಡೆ ಹೆಸರು. 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ‘ಪ್ರಿನ್ಸೆಸ್ ಮೊನೊನೊಕೆ’ ಸಿನಿಮಾದ ಹಸಿರು ಕಾಡಿಗೆ ಇಲ್ಲಿನ ಕಾಡೇ ಪ್ರೇರಣೆ ಎಂದು ತಿಳಿದು ಬರುವ ಅನಿಮೆ ಪ್ರಿಯರೂ ಬಹಳ.

ಇನ್ನು ಮಳೆ. ‘ಅಲ್ಲಿ ತಿಂಗಳಿಗೆ 35 ದಿನ ಮಳೆ’ ಎಂಬ ತಮಾಷೆಯ ಮಾತು ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಕಡಲಂಚಿನ ಊರುಗಳಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ, ಒಳಗಿನ ಬೆಟ್ಟಗಳಲ್ಲಿ 8,000ದಿಂದ 10,000 ಮಿ.ಮೀ.ವರೆಗೂ ಹೋಗುತ್ತದೆ. ಆಗುಂಬೆಯ ಮಳೆ ನೋಡಿದವರಿಗೆ ಈ ಅಂಕಿಯ ಅರ್ಥ ಬೇಗ ಆಗುತ್ತದೆ. ಒಂದು ವ್ಯತ್ಯಾಸವಿದೆ: ನಮ್ಮ ಮಲೆನಾಡಿನಲ್ಲಿ ಮಳೆಗೊಂದು ಕಾಲವಿದೆ. ಜೂನ್ ಬಂತೆಂದರೆ ಕಂಬಳಿ ಹೊದೆಯುತ್ತೇವೆ, ಡಿಸೆಂಬರಿನಲ್ಲಿ ಮಡಚಿಡುತ್ತೇವೆ. ಯಕುಶಿಮಾದಲ್ಲಿ ಜೂನ್ ಜೋರು ಮಳೆಯ ತಿಂಗಳು ನಿಜ, ಆದರೆ ಉಳಿದ ತಿಂಗಳುಗಳಿಗೂ ರಜೆ ಇಲ್ಲ. ಚಳಿಗಾಲದಲ್ಲಿ ಕೆಳಗೆ ದಾಸವಾಳ ಅರಳುವ ಊರಿನ ಮೇಲೆ, ಶಿಖರಗಳಲ್ಲಿ ಹಿಮ ಕೂತಿರುತ್ತದೆ.

ಇದಕ್ಕೆ ಕಾರಣ ಸರಳ. ಪ್ರತಿ 100 ಮೀಟರ್ ಮೇಲೇರಿದಂತೆ ತಾಪಮಾನ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಅಂದರೆ ಬಂದರಿನಲ್ಲಿ 24 ಡಿಗ್ರಿ ಇದ್ದ ದಿನ ತುದಿಯಲ್ಲಿ 12ರ ಆಸುಪಾಸು. ರಾತ್ರಿಗೆ ಇನ್ನೂ ಕಡಿಮೆ. ಅದಕ್ಕೆ ಕಡಲ ಗಾಳಿ, ಒದ್ದೆ ಬಟ್ಟೆ ಸೇರಿಸಿ ನೋಡಿ. ಹತ್ತುವಾಗ ಬೆವರು, ನಿಂತ ಕೂಡಲೇ ನಡುಕ.

ಮುಟ್ಟಬಾರದ ಒಂದು ಜೊತೆ

ಹಾಗಾಗಿ ಈ ದ್ವೀಪಕ್ಕೆ ಬ್ಯಾಗ್ ಕಟ್ಟುವಾಗ ಎಲ್ಲಕ್ಕಿಂತ ಮೊದಲು ಒಳಗೆ ಹೋಗಬೇಕಾದದ್ದು ಒಂದು ಜೊತೆ ಒಣ ಬಟ್ಟೆ. ಬನಿಯನ್, ಉದ್ದ ತೋಳಿನ ಅಂಗಿ, ಪ್ಯಾಂಟ್, ಒಳ ಉಡುಪು, ಉಣ್ಣೆಯ ಕಾಲುಚೀಲ, ಒಂದು ತೆಳು ಸ್ವೆಟರ್ ಅಥವಾ ಫ್ಲೀಸ್, ಒಂದು ಟೋಪಿ. ಇದನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿದು, ಬ್ಯಾಗಿನ ತಳದಲ್ಲಿಡಿ. ದಾರಿಯಲ್ಲಿ ಎಷ್ಟೇ ನೆನೆದರೂ ಇದನ್ನು ತೆಗೆಯುವಂತಿಲ್ಲ. ರಾತ್ರಿ ತಂಗುವ ಗುಡಿಸಲು ಸೇರಿದ ಮೇಲೆ, ಇಲ್ಲವೇ ಯಾರಿಗಾದರೂ ನಿಜವಾಗಿ ಅಪಾಯ ಬಂದಾಗ ಮಾತ್ರ ತೆಗೆಯಬೇಕು.

ಇದು ಅತಿಯಾಯಿತು ಅನ್ನಿಸುತ್ತದೆಯೇ? ಜಪಾನಿನ ಇನ್ನೊಂದು ಬೆಟ್ಟಗಳ ದ್ವೀಪವಾದ ಹೊಕ್ಕೈಡೊದಲ್ಲಿ, 2009ರ ಜುಲೈ 16ರಂದು ತೊಮುರೌಶಿ ಎಂಬ ಬೆಟ್ಟದಲ್ಲಿ ಗೈಡ್‌ಗಳ ಜತೆ ಹೊರಟ ಒಂದೇ ತಂಡದ ಎಂಟು ಮಂದಿ ತೀರಿಕೊಂಡರು. ಹಿಮಪಾತವಲ್ಲ, ಬೆಟ್ಟ ಕುಸಿದದ್ದೂ ಅಲ್ಲ. ನಡು ಬೇಸಿಗೆಯಲ್ಲಿ ಮಳೆ ಮತ್ತು ಗಾಳಿಗೆ ಸಿಕ್ಕಿ ದೇಹದ ಕಾವು ಇಳಿದು ಸತ್ತರು. ಸತ್ತವರಲ್ಲಿ ಒಬ್ಬರು ಗೈಡ್. ಈ ಸ್ಥಿತಿಗೆ ಹೈಪೊಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಸೊನ್ನೆ ಡಿಗ್ರಿ ಚಳಿಯೇ ಬೇಕೆಂದಿಲ್ಲ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಒದ್ದೆ ಹತ್ತಿ ಬಟ್ಟೆ ಮೈಗಂಟಿಕೊಂಡು ಮಾಡುವ ಕೆಲಸವೂ ಅದೇ.

ಲಕ್ಷಣಗಳನ್ನು ಗುಂಪಿನಲ್ಲಿ ಎಲ್ಲರೂ ತಿಳಿದಿರಬೇಕು. ಮೊದಲು ನಿಲ್ಲದ ನಡುಕ. ಆಮೇಲೆ ಬೆರಳು ಮಾತು ಕೇಳದೆ ಜಿಪ್ ಹಾಕಲಾಗದು, ನಾಲಿಗೆ ತೊದಲುತ್ತದೆ, ‘ನನಗೇನೂ ಆಗಿಲ್ಲ, ನೀವು ನಡೀರಿ’ ಎನ್ನುವ ಹಟ ಬರುತ್ತದೆ. ಹಾಗೆ ಹೇಳುವ ಗೆಳೆಯನ ಮಾತನ್ನು ನಂಬಬೇಡಿ. ಗಾಳಿ ಬೀಸದ ಕಡೆ ಕೂರಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆ ತೊಡಿಸಿ, ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ, ಸಹಾಯಕ್ಕೆ ಕರೆಯಿರಿ. ಆ ಹೊತ್ತಿಗೆ ಬ್ಯಾಗಿನ ತಳದಲ್ಲಿರುವ ಒಂದು ಜೊತೆ ಬಟ್ಟೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಲಾಗದು.

ಶಿನ್ ತಕತ್ಸುಕಾ ಎಂಬ ಗುಡಿಸಲಿನಲ್ಲಿ ನಾವು ತಂಗಿದ್ದ ರಾತ್ರಿ ಜಪಾನಿನ ಹಿರಿಯ ದಂಪತಿಯೂ ಬಂದರು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಒಳಗೆ ಬಂದವರೇ ಚಹಾ ಕಾಯಿಸಲಿಲ್ಲ, ಫೋಟೊ ನೋಡಲಿಲ್ಲ. ಮೊದಲು ಬಟ್ಟೆ ಬದಲಿಸಿದರು. ಮರುದಿನ ಬೆಳಿಗ್ಗೆ ಇನ್ನೂ ಮಳೆ. ಅವರು ಒಣ ಬಟ್ಟೆಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿ, ಹಿಂದಿನ ದಿನದ ಅದೇ ಒದ್ದೆ ಅಂಗಿಯನ್ನು ತೊಟ್ಟು ಹೊರಟರು. ನಮ್ಮ ಗುಂಪಿನ ಗೆಳತಿ ‘ಅಬ್ಬಾ, ನೋಡಿದ್ರೇ ಚಳಿ ಆಗುತ್ತೆ’ ಎಂದಳು. ಆದರೆ ಚಾರಣದ ಶಿಸ್ತು ಅಂದರೆ ಅದೇ. ನಡೆಯುವಾಗ ಮೈ ತಾನೇ ಬಿಸಿಯಾಗುತ್ತದೆ, ಒದ್ದೆ ಬಟ್ಟೆ ಹತ್ತು ನಿಮಿಷದ ಕಷ್ಟ. ಒಣಗಿದ್ದನ್ನು ಬೆಳಿಗ್ಗೆಯೇ ತೊಟ್ಟು ನೆನೆಸಿಕೊಂಡರೆ ಸಂಜೆಗೆ ಏನೂ ಉಳಿಯುವುದಿಲ್ಲ.

ಕೊಡೆ ತಗೊಂಡ್ಯಾ?

ಮಳೆ ಜಾಸ್ತಿ ಅಂದ ಕೂಡಲೇ ಫೋನಿನಲ್ಲಿ ಅಮ್ಮ ಕೇಳುವ ಮೊದಲ ಪ್ರಶ್ನೆ ಇದು. ಕಡಲಂಚಿನ ಊರಿನಲ್ಲಿ ಅಡ್ಡಾಡಲು ಕೊಡೆ ಸರಿ. ಬೆಟ್ಟದಲ್ಲಿ ಎರಡೂ ಕೈಗಳು ಖಾಲಿ ಇರಬೇಕು. ಬೇರು ಹಿಡಿಯಬೇಕು, ಹಗ್ಗ ಹಿಡಿಯಬೇಕು, ಜಾರಿದರೆ ಊರಬೇಕು. ಬೈಕ್ ಸವಾರರು ಹಾಕುವ ಪ್ಲಾಸ್ಟಿಕ್ ರೇನ್‌ಕೋಟ್ ಕೂಡ ಇಲ್ಲಿಗೆ ಒಗ್ಗದು. ಹೊರಗಿನ ನೀರನ್ನು ಅದು ತಡೆಯುತ್ತದೆ, ಆದರೆ ಬೆವರನ್ನೂ ಒಳಗೇ ಹಿಡಿದಿಡುತ್ತದೆ. ಹತ್ತು ಗಂಟೆ ನಡೆದರೆ ಒಳಗಿನಿಂದಲೇ ನೆನೆದಿರುತ್ತೀರಿ. ಬೇಕಾದದ್ದು ನೀರು ಬಿಡದ, ಬೆವರಿನ ಆವಿ ಹೊರಹೋಗಲು ಬಿಡುವ ಬಟ್ಟೆಯ ಜಾಕೆಟ್ ಮತ್ತು ಪ್ಯಾಂಟ್. ಎರಡೂ ಬೇರೆ ಬೇರೆ ತುಂಡುಗಳಾಗಿರಬೇಕು. ಪ್ಯಾಂಟ್ ಬೇಡವೆಂದು ಬಿಟ್ಟು ಹೋದರೆ ಜಾಕೆಟ್‌ನಿಂದ ಇಳಿದ ನೀರೆಲ್ಲ ತೊಡೆ, ಮೊಣಕಾಲು ದಾಟಿ ಸೀದಾ ಶೂಗೆ.

ಬ್ಯಾಗಿನ ಮೇಲೆ ಹೊದಿಸುವ ಕವರ್ ಇದೆಯಲ್ಲ, ಅದನ್ನೊಂದನ್ನೇ ನಂಬಬಾರದು. ಮಳೆ ಬೆನ್ನಿನ ಮೇಲಿನಿಂದ ಇಳಿದು, ಬೆನ್ನಿಗೂ ಬ್ಯಾಗಿಗೂ ನಡುವೆ ಸೇರಿ, ಕವರ್ ಇಲ್ಲದ ಆ ಬದಿಯಿಂದಲೇ ಒಳಗೆ ಹೋಗುತ್ತದೆ. ಗಾಳಿ ಜೋರಾದರೆ ಕವರ್ ಹಾರಿಯೂ ಹೋಗಬಹುದು. ಅದಕ್ಕಿಂತ ಅಗ್ಗದ ಮತ್ತು ಗಟ್ಟಿ ಉಪಾಯ: ದೊಡ್ಡ ದಪ್ಪ ಕಸದ ಚೀಲವೊಂದನ್ನು ಖಾಲಿ ಬ್ಯಾಗಿನ ಒಳಗೆ ಹರಡಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿಯನ್ನು ತಿರುಚಿ ಒಳಗೆ ಮಡಚುವುದು. ಪಾಸ್‌ಪೋರ್ಟ್, ಹಣ, ಮೊಬೈಲ್, ಪವರ್‌ಬ್ಯಾಂಕ್ ಪ್ರತ್ಯೇಕವಾಗಿ ಜಿಪ್ ಇರುವ ಸಣ್ಣ ಚೀಲಗಳಲ್ಲಿ ಇರಲಿ.

ಜೀನ್ಸ್ ಪ್ಯಾಂಟನ್ನು ಮನೆಯಲ್ಲೇ ಬಿಡಿ. ನೆನೆದರೆ ಭಾರ, ಮೊಣಕಾಲು ಮಡಚಲು ಕಷ್ಟ, ಒಂದು ರಾತ್ರಿಯಲ್ಲಿ ಒಣಗುವ ಮಾತೇ ಇಲ್ಲ. ಕಾಲೇಜಿನ ಫೆಸ್ಟ್‌ನಲ್ಲಿ ಕೊಟ್ಟ ಹತ್ತಿಯ ಟೀ ಶರ್ಟ್ ಕೂಡ ಹಾಗೆಯೇ. ಕ್ರಿಕೆಟ್, ಫುಟ್‌ಬಾಲ್ ಆಡುವಾಗ ಹಾಕುವ ಪಾಲಿಯೆಸ್ಟರ್ ಜೆರ್ಸಿ ಇದೆಯಲ್ಲ, ಅದು ಇಲ್ಲಿ ಒಳ್ಳೆಯದು.

ಕಾಲಿಗೆ ಶೂ, ಹಣೆಗೆ ದೀಪ

ಯಕುಶಿಮಾದ ಬೆಟ್ಟಗಳು ಗ್ರಾನೈಟ್‌ನವು. ಒಣಗಿದ್ದಾಗ ಕಾಲು ಚೆನ್ನಾಗಿ ಹಿಡಿಯುತ್ತದೆ. ಒದ್ದೆ ಬಂಡೆ, ಪಾಚಿ ಹಿಡಿದ ಬೇರು, ಮರದ ಹಲಗೆ ಸೇರಿದರೆ ಪ್ರತಿ ಹೆಜ್ಜೆಯೂ ಲೆಕ್ಕವೇ. ತಳ ಸವೆಯದ, ಹರಡು ಮುಚ್ಚುವ, ನೀರು ತಡೆಯುವ ಶೂ ಬೇಕು. ಹೊಸದಾಗಿ ಕೊಂಡದ್ದಾದರೆ ಹೊರಡುವ ಎರಡು ಮೂರು ವಾರ ಮೊದಲಿನಿಂದ ಹಾಕಿ ಓಡಾಡಿ. ಉಣ್ಣೆ ಮಿಶ್ರಿತ ಕಾಲುಚೀಲ ಇನ್ನೊಂದು ಜೊತೆ ಇರಲಿ. ಇಲ್ಲಿಯೂ ಇಂಬಳದ ಕಾಟವಿದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕುವ ಮಲೆನಾಡಿನ ಪದ್ಧತಿಯನ್ನು ಧಾರಾಳವಾಗಿ ಬಳಸಿ. ಕರಡಿ ಮಾತ್ರ ಈ ದ್ವೀಪದಲ್ಲಿಲ್ಲ. ಜಪಾನಿನ ಬೇರೆ ಬೆಟ್ಟಗಳಿಗೆಂದು ಕೊಂಡ ಕರಡಿ ಗಂಟೆಯನ್ನು ಹೊರಬೇಕಾಗಿಲ್ಲ.

ಹೆಚ್ಚಿನವರು ಹೋಗುವುದು ‘ಜೋಮೋನ್ ಸುಗಿ’ ಎಂಬ ಮುದಿ ಮರವನ್ನು ನೋಡಲು. ಕಾಂಡದ ಸುತ್ತಳತೆ 16.4 ಮೀಟರ್. ವಯಸ್ಸಿನ ಅಂದಾಜು 2,170 ವರ್ಷದಿಂದ 7,200 ವರ್ಷದವರೆಗೂ ಇದೆ. ಅರಕವಾ ಎಂಬಲ್ಲಿಂದ ಹೊರಟರೆ ಹೋಗಿ ಬರಲು 22 ಕಿ.ಮೀ., ಸುಮಾರು 10 ಗಂಟೆ. ಮೊದಲ ಸುಮಾರು 8 ಕಿ.ಮೀ. ಹಳೆಯ ಅರಣ್ಯ ರೈಲಿನ ಹಳಿಯ ಮೇಲೆ ನಡಿಗೆ, ನಂತರ ಕಡಿದಾದ ಏರು. ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ವಾಹನ ಬಿಡುವುದಿಲ್ಲ, ಬೆಳಗಿನ ಜಾವದ ಬಸ್ಸನ್ನೇ ಹಿಡಿಯಬೇಕು. ಅಂದರೆ ಕತ್ತಲಲ್ಲಿ ಶುರು, ತಡವಾದರೆ ಕತ್ತಲಲ್ಲೇ ಮುಕ್ತಾಯ. ಹಾಗಾಗಿ ಒಂದು ದಿನದ ಚಾರಣಕ್ಕೂ ಹೆಡ್‌ಲ್ಯಾಂಪ್ ಮತ್ತು ಹೆಚ್ಚುವರಿ ಬ್ಯಾಟರಿ ಬೇಕೇ ಬೇಕು. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಫೋನಿನ ಚಾರ್ಜೂ ಹೋಯಿತು. ಕಾಡಿನಲ್ಲಿ ಬಹುತೇಕ ಕಡೆ ಸಿಗ್ನಲ್ ಸಿಗದು. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಕಾಗದದ ನಕ್ಷೆಯೊಂದನ್ನೂ ಇಟ್ಟುಕೊಳ್ಳಿ. ಯಾವ ದಾರಿ, ಎಷ್ಟು ಜನ, ಯಾವಾಗ ವಾಪಸ್ ಎಂದು ಬರೆದು ಕೊಡುವ ಚಾರಣ ಪತ್ರ ಅಲ್ಲಿದೆ. ಅದನ್ನು ತುಂಬಿಯೇ ಹತ್ತಿ.

ಯೊಡೊಗವಾ ಕಡೆಯಿಂದ ಹತ್ತಿ, ಮಿಯಾನೌರಾ ಶಿಖರ ದಾಟಿ, ಜೋಮೋನ್ ಸುಗಿ ನೋಡಿ ಇಳಿಯುವವರಿಗೆ ಎರಡು ದಿನ ಬೇಕು. ನಡುವೆ ತಂಗಲು ಗುಡಿಸಲುಗಳಿವೆ, ಬಾಡಿಗೆ ಇಲ್ಲ. ಅಲ್ಲಿ ಕಾವಲುಗಾರನೂ ಇಲ್ಲ, ಹಾಸಿಗೆಯೂ ಇಲ್ಲ, ಊಟವೂ ಇಲ್ಲ, ಮುಂಗಡ ಬುಕಿಂಗ್ ಕೂಡ ಇಲ್ಲ. ಸ್ಲೀಪಿಂಗ್ ಬ್ಯಾಗ್, ನೆಲಕ್ಕೆ ಹಾಸುವ ಮ್ಯಾಟ್, ಒಲೆ, ಪಾತ್ರೆ ಎಲ್ಲವನ್ನೂ ಹೊರಬೇಕು. ಜನ ತುಂಬಿದ್ದರೆ ಎಂದು ಗುಂಪಿಗೊಂದು ಸಣ್ಣ ಟೆಂಟ್ ಇದ್ದರೆ ಕ್ಷೇಮ.

ಊಟ ಎಷ್ಟು, ನೀರೆಷ್ಟು?

ನೀರಿನ ವಿಷಯದಲ್ಲಿ ಈ ದ್ವೀಪ ಉದಾರಿ. ದಾರಿಯುದ್ದಕ್ಕೂ ತೊರೆಗಳಿವೆ. ಒಂದು ಲೀಟರ್ ನೀರು ಎಂದರೆ ಒಂದು ಕಿಲೊ ತೂಕ. ಒಂದೂವರೆ ಲೀಟರ್ ಹಿಡಿಯುವ ಬಾಟಲಿ ಇಟ್ಟುಕೊಂಡು ಅಲ್ಲಲ್ಲಿ ತುಂಬಿಸಿಕೊಂಡರೆ ಸಾಕು. ಹಲವರು ಹಾಗೆಯೇ ಕುಡಿಯುತ್ತಾರೆ. ಕಾಡಿನಲ್ಲಿ ಜಿಂಕೆ, ಕೋತಿಗಳು ಇರುವುದರಿಂದ ಕುದಿಸಿಯೋ ಫಿಲ್ಟರ್ ಮಾಡಿಯೋ ಕುಡಿಯುವುದು ಜಾಣತನ.

ಊಟದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಜಪಾನಿನ ಅಂಗಡಿಯ ಬಹುತೇಕ ನೂಡಲ್ಸ್, ಸೂಪ್‌ಗಳಲ್ಲಿ ಮೀನಿನ ಸಾರ ಇರುತ್ತದೆ. ಬಿಸಿ ನೀರು ಸುರಿದರೆ ಅನ್ನವಾಗುವ ಒಣ ಅಕ್ಕಿಯ ಪೊಟ್ಟಣ, ಬ್ರೆಡ್, ಕಡಲೆಬೀಜ, ಒಣದ್ರಾಕ್ಷಿ, ಚಿಕ್ಕಿ, ಚಾಕೊಲೆಟ್ ನಂಬಬಹುದು. ಊರಿನಿಂದ ಹಣ್ಣು, ಸೊಪ್ಪು, ಮಾಂಸದ ಪದಾರ್ಥ ತರಲು ಹೋಗಬೇಡಿ, ತಪಾಸಣೆಯ ಪ್ರಮಾಣಪತ್ರವಿಲ್ಲದೆ ಜಪಾನಿನ ಒಳಗೆ ಬಿಡುವುದಿಲ್ಲ. ಒಂದು ದಿನದ ಚಾರಣವಾದರೆ ಹಿಂದಿನ ದಿನ ಹೇಳಿಟ್ಟರೆ ಬೆಳಗಿನ ಜಾವಕ್ಕೇ ಬುತ್ತಿ ಕಟ್ಟಿಕೊಡುವ ಅಂಗಡಿಗಳಿವೆ. ಒಂದು ಹೊತ್ತಿನ ಊಟ ಹೆಚ್ಚಿಗೆ ಇರಲಿ. ಒಲೆಯ ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವಂತಿಲ್ಲ, ದ್ವೀಪದಲ್ಲೇ ಕೊಳ್ಳಬೇಕು.

ಹೆಚ್ಚಿನ ಊಟ ಯಾಕೆಂದರೆ, 2019ರ ಮೇ 18ರಂದು ಸುರಿದ ಭಾರಿ ಮಳೆಗೆ ಅರಕವಾದ ರಸ್ತೆ ಕುಸಿದು, ಸುಮಾರು 300 ಚಾರಣಿಗರು ಬೆಟ್ಟದಲ್ಲೇ ಸಿಲುಕಿಕೊಂಡರು. ಸಂಜೆಗೆ ಬಿಸಿ ಸ್ನಾನ ಎಂದುಕೊಂಡು ಹೊರಟವರು ರಾತ್ರಿಯನ್ನು ಅಲ್ಲೇ ಕಳೆಯಬೇಕಾಯಿತು. ಮರುದಿನ ಸೇನೆ, ಅಗ್ನಿಶಾಮಕ ದಳದವರು ನೆರವಿಗೆ ಬಂದರು. ‘ಒಂದೇ ದಿನದ ಟ್ರೆಕ್ ತಾನೇ’ ಎಂಬ ಮಾತನ್ನು ಆ ದಿನದ ಜತೆ ಇಟ್ಟು ನೋಡಬೇಕು.

ಕೊಳ್ಳಬೇಕೋ, ಬಾಡಿಗೆಗೋ?

ಇಷ್ಟೆಲ್ಲ ಓದಿ ‘ಸ್ಕಾಲರ್‌ಶಿಪ್‌ನಲ್ಲಿ ಬದುಕುವ ನಮಗೆ ಇದೆಲ್ಲ ಆಗುತ್ತಾ?’ ಎಂದು ಹಿಂಜರಿಯಬೇಡಿ. ದ್ವೀಪದಲ್ಲಿ ಚಾರಣದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ದುಬಾರಿಯಾದ ರೇನ್‌ಸೂಟ್, ಶೂ, ಸ್ಲೀಪಿಂಗ್ ಬ್ಯಾಗ್, ದೊಡ್ಡ ಬ್ಯಾಗ್, ಹೆಡ್‌ಲ್ಯಾಂಪ್ ಎಲ್ಲವೂ ಸಿಗುತ್ತವೆ. ಮೊದಲೇ ಅಳತೆ ಹೇಳಿ ಕಾದಿರಿಸಿ. ಮೈಗೆ ತಾಗುವ ಬಟ್ಟೆ, ಕಾಲುಚೀಲ, ನಿಮ್ಮ ಔಷಧಿ ಮಾತ್ರ ನಿಮ್ಮದಾಗಿರಲಿ. ಹಳೆಯ ಜೆರ್ಸಿ, ಅಣ್ಣನ ಫ್ಲೀಸ್, ರೂಂಮೇಟ್‌ನ ಉಣ್ಣೆ ಟೋಪಿ ಆದರೂ ನಡೆಯುತ್ತದೆ. ಬೆಟ್ಟ ಬ್ರ್ಯಾಂಡ್ ಕೇಳುವುದಿಲ್ಲ.

ತೂಕಕ್ಕೂ ಒಂದು ಮಿತಿ ಇರಲಿ. ನಿಮ್ಮ ತೂಕದ ಐದರಲ್ಲೊಂದು ಪಾಲಿಗಿಂತ ಬ್ಯಾಗ್ ಭಾರವಾಗಬಾರದು. 60 ಕಿಲೊ ಇರುವವರಿಗೆ 12 ಕಿಲೊ. ಸ್ಪೀಕರ್, ಎರಡನೇ ಜಾಕೆಟ್, ಫೋಟೊಗೆಂದೇ ತಂದ ಉಡುಪು ಇವನ್ನೆಲ್ಲ ವಸತಿಗೃಹದಲ್ಲಿ ಬಿಟ್ಟರೆ ಈ ಮಿತಿ ದಾಟುವುದಿಲ್ಲ.

ಮರಳಿ ತರುವ ಚೀಲ

ಕೊನೆಯದಾಗಿ, ಹೇಳಲು ಮುಜುಗರವಾದರೂ ಹೇಳಲೇಬೇಕಾದ ವಸ್ತು: ಜೇಬಿನಲ್ಲಿ ಒಯ್ಯಬಹುದಾದ ಶೌಚ ಚೀಲ. ನೀರನ್ನು ಹೀರಿ ಗಟ್ಟಿ ಮಾಡುವ ಪುಡಿಯಿರುವ ಈ ಚೀಲ ದ್ವೀಪದ ಅಂಗಡಿಗಳಲ್ಲಿ ಸಿಗುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಮರೆಯಿರುವ ಸಣ್ಣ ಕೋಣೆಗಳಿವೆ. ಅಲ್ಲಿ ಬಳಸಿ, ಬಾಯಿ ಕಟ್ಟಿ, ನಿಮ್ಮ ಬ್ಯಾಗಿನಲ್ಲೇ ಹೊತ್ತು ತಂದು, ಕೆಳಗಿನ ಸಂಗ್ರಹ ಪೆಟ್ಟಿಗೆಗೆ ಹಾಕಬೇಕು.

‘ಛೀ’ ಅನ್ನುವ ಮೊದಲು ಇನ್ನೊಂದು ಸಂಗತಿ ಕೇಳಿ. ಬೆಟ್ಟದ ಗುಡಿಸಲುಗಳ ಪಕ್ಕ ಹಳೆಯ ಶೌಚಾಲಯಗಳಿವೆ. ಅಲ್ಲಿಗೆ ರಸ್ತೆ ಇಲ್ಲ, ಲಾರಿ ಹೋಗದು. ಅಲ್ಲಿ ತುಂಬಿದ್ದನ್ನು ಮನುಷ್ಯರೇ ಬೆನ್ನ ಮೇಲೆ ಹೊತ್ತು ಕೆಳಗಿಳಿಸುತ್ತಾರೆ. 2017ರಿಂದ ಚಾರಣಿಗರಿಂದ ಸ್ವಯಂಪ್ರೇರಿತ ಸಹಕಾರ ನಿಧಿ ಪಡೆಯುವ ಕ್ರಮ ಬಂತು. ಒಂದು ದಿನದವರಿಗೆ 1,000 ಯೆನ್, ರಾತ್ರಿ ತಂಗುವವರಿಗೆ 2,000 ಯೆನ್ ಎಂದು ಗೊತ್ತುಮಾಡಿದರು. ಅದರಲ್ಲಿ ಒಂದು ಪಾಲು ಹೋಗುವುದು ಈ ಕೆಲಸಕ್ಕೇ. ನಾವು ಬಿಟ್ಟು ಬಂದದ್ದನ್ನು ಇನ್ನೊಬ್ಬರು ಹೊರುತ್ತಾರೆ ಎಂಬುದು ಇಲ್ಲಿ ಗಾದೆಯಲ್ಲ, ಯಾರದೋ ದಿನದ ದುಡಿಮೆ. ಕುಮಾರಪರ್ವತದ ದಾರಿಯಲ್ಲಿ ನಾವು ಎಸೆದ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನೂ ಯಾರೋ ಒಬ್ಬರು ಬಗ್ಗಿ ಎತ್ತಿಯೇ ಇಳಿಸಿರುತ್ತಾರೆ.

ಆದ್ದರಿಂದ ಬ್ಯಾಗ್ ತುಂಬುವಾಗ ಎರಡು ಜಾಗಗಳನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ. ತಳದಲ್ಲಿ ಒಂದು ಜೊತೆ ಒಣ ಬಟ್ಟೆಗೆ ಜಾಗ, ಮೇಲೆ ವಾಪಸ್ ತರುವ ಕಸಕ್ಕೆ ಜಾಗ. ನಡುವೆ ಏನು ತುಂಬುತ್ತೀರೋ ಅದು ನಿಮ್ಮಿಷ್ಟ. ಇನ್ನು ಟಿಕೆಟ್ ಮಾಡುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಚಂಡಮಾರುತ ಬಂದರೆ ದೋಣಿ, ವಿಮಾನ ಎರಡೂ ನಿಲ್ಲುತ್ತವೆ. ಆ ದಿನ ಬೆಟ್ಟದ ಕಡೆ ಹೋಗದೆ ಕೆಳಗೇ ಕೂತು ಮಳೆ ನೋಡುವುದೂ ಒಳ್ಳೆಯ ಚಾರಣಿಗನ ಲಕ್ಷಣ.

ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿ

* ಬಿಗಿದು ಕಟ್ಟಿದ ಒಂದು ಜೊತೆ ಒಣ ಬಟ್ಟೆ
* ಜಾಕೆಟ್, ಪ್ಯಾಂಟ್ ಎರಡೂ ಇರುವ ರೇನ್‌ಸೂಟ್
* ಬ್ಯಾಗಿನೊಳಗೆ ಹರಡಲು ದಪ್ಪ ಕಸದ ಚೀಲ, ಜಿಪ್ ಚೀಲಗಳು
* ಹರಡು ಮುಚ್ಚುವ ಶೂ, ಉಣ್ಣೆ ಮಿಶ್ರಿತ ಕಾಲುಚೀಲ ಎರಡು ಜೊತೆ
* ಹೆಡ್‌ಲ್ಯಾಂಪ್, ಹೆಚ್ಚುವರಿ ಬ್ಯಾಟರಿ, ಪವರ್‌ಬ್ಯಾಂಕ್, ಸೀಟಿ
* ಕಾಗದದ ನಕ್ಷೆ, ತುಂಬಿದ ಚಾರಣ ಪತ್ರ, ನಗದು ಯೆನ್
* ನೀರಿನ ಬಾಟಲಿ, ಒಂದು ಹೊತ್ತಿನ ಹೆಚ್ಚುವರಿ ಊಟ
* ಬ್ಯಾಂಡೇಜ್, ನೋವಿನ ಮಾತ್ರೆ, ನಿಮ್ಮ ನಿತ್ಯದ ಔಷಧಿ
* ಶೌಚ ಚೀಲ ಎರಡು, ಕಸ ತರಲು ಖಾಲಿ ಚೀಲ ಒಂದು
* ರಾತ್ರಿ ತಂಗುವವರಿಗೆ: ಸ್ಲೀಪಿಂಗ್ ಬ್ಯಾಗ್, ಮ್ಯಾಟ್, ಒಲೆ, ದ್ವೀಪದಲ್ಲೇ ಕೊಂಡ ಗ್ಯಾಸ್, ಗುಂಪಿಗೊಂದು ಟೆಂಟ್